ಒಂಬತ್ತು ಮಂದಿಯ ಓಟ, ಮೂವತ್ತೆರಡು ವರ್ಷದ ತಡೆ

1928ನೆಯ ಇಸವಿಯ ಆಗಸ್ಟ್ 2. ಹಾಲೆಂಡಿನ ಆಮ್‌ಸ್ಟರ್‌ಡಾಂ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಿದ್ದವು. ಆ ವರ್ಷ ಮೊಟ್ಟಮೊದಲ ಬಾರಿಗೆ ಹೆಂಗಸರಿಗೂ ಅಥ್ಲೆಟಿಕ್ಸ್‌ನಲ್ಲಿ ಪ್ರವೇಶ ದೊರೆತಿತ್ತು. ಸಿಕ್ಕಿದ್ದು ಐದೇ ಸ್ಪರ್ಧೆಗಳು. ಅವುಗಳಲ್ಲಿ ಅತಿ ಉದ್ದದ ಓಟವೆಂದರೆ 800 ಮೀಟರ್.

ಅಂತಿಮ ಸ್ಪರ್ಧೆಗೆ ಒಂಬತ್ತು ಮಂದಿ ಗೆರೆಯ ಬಳಿ ನಿಂತರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಬರೆದರು. ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಜಪಾನಿನ ಕಿನುಎ ಹಿತೋಮಿ ಎರಡನೆಯವರಾದರು. ಹಿತೋಮಿ ಮೂಲತಃ ಕಡಿಮೆ ದೂರದ ಓಟಗಾರ್ತಿ. 100 ಮೀಟರ್ ಓಟದಲ್ಲಿ ಫೈನಲ್ ತಲುಪಲಾಗದ ಅವರು ಈ ಓಟದಲ್ಲಿ ಬೆಳ್ಳಿ ಗೆದ್ದು, ಒಲಿಂಪಿಕ್ ಪದಕ ಪಡೆದ ಏಷ್ಯಾದ ಮೊದಲ ಮಹಿಳೆ ಎನಿಸಿಕೊಂಡರು.

ಸಂಭ್ರಮ ಪಡಬೇಕಾದ ದಿನ ಅದು. ಆದರೆ ಹಲವು ಪತ್ರಿಕೆಗಳಲ್ಲಿ ಬಂದ ವರದಿಯೇ ಬೇರೆ. ಹನ್ನೊಂದು ಮಂದಿ ಓಡಿದರು, ಐವರು ಅರ್ಧದಲ್ಲೇ ನಿಂತರು, ಐವರು ಗುರಿ ದಾಟಿದೊಡನೆ ಕುಸಿದರು ಎಂದೂ ಒಬ್ಬ ವರದಿಗಾರರು ಬರೆದರು. ಇಂಥ ಓಟ ಹೆಣ್ಣಿನ ದೇಹಕ್ಕೆ ಆಗಿಬರುವುದಿಲ್ಲ, ಓಡಿದವಳು ಬೇಗ ಮುದುಕಿಯಾಗುತ್ತಾಳೆ ಎಂಬ ಮಾತುಗಳು ಎಲ್ಲೆಡೆ ಹಬ್ಬಿದವು. ಕ್ರೀಡಾ ಅಧಿಕಾರಿಗಳು ಹೆಚ್ಚು ಯೋಚಿಸಲಿಲ್ಲ. ಹೆಂಗಸರ 800 ಮೀಟರ್ ಓಟವನ್ನು ಒಲಿಂಪಿಕ್ ಪಟ್ಟಿಯಿಂದ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರ ರೋಮ್ ಕ್ರೀಡೆಗಳಲ್ಲಿ, ಮೂವತ್ತೆರಡು ವರ್ಷಗಳ ನಂತರ. ನಡುವಿನ ಅವಧಿಯಲ್ಲಿ ಒಲಿಂಪಿಕ್ಸ್‌ನಲ್ಲಿ 200 ಮೀಟರಿಗಿಂತ ಉದ್ದದ ಓಟ ಹೆಂಗಸರಿಗೆ ಇರಲೇ ಇಲ್ಲ.

ಈಗ ದಾಖಲೆಗಳನ್ನು ತೆರೆದು ನೋಡೋಣ. ಓಡಿದವರು ಹನ್ನೊಂದು ಮಂದಿಯಲ್ಲ, ಒಂಬತ್ತು. ಒಂಬತ್ತೂ ಮಂದಿ ಗುರಿ ಮುಟ್ಟಿದ್ದಾರೆ. ಅರ್ಧದಲ್ಲಿ ನಿಂತವರು ಒಬ್ಬರೂ ಇಲ್ಲ. ಗುರಿ ದಾಟಿದ ಮೇಲೆ ದಣಿದು ನೆಲಕ್ಕೆ ಒರಗಿದವರಿದ್ದರು, ನಿಜ. ಆದರೆ ಎರಡು ಸುತ್ತು ಜೀವ ಬಿಟ್ಟು ಓಡಿದ ಗಂಡಸರೂ ಹಾಗೆಯೇ ಒರಗುತ್ತಾರೆ. ಒಂದು ಸುಳ್ಳು ಲೆಕ್ಕ, ಅದನ್ನು ಪರೀಕ್ಷಿಸದ ಒಂದು ತೀರ್ಮಾನ ಸೇರಿ ಒಂದು ತಲೆಮಾರಿನ ಹುಡುಗಿಯರ ಓಟವನ್ನೇ ಕಸಿದುಕೊಂಡವು.

ಕುಸಿದದ್ದು ಏಕೆ?

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ವೇಗವಾಗಿ ಓಡಿ ತಟ್ಟನೆ ನಿಂತವರಿಗೆ ತಲೆ ಸುತ್ತುವುದು ಏಕೆ?

ಓಡುವಾಗ ಕಾಲಿನ ಸ್ನಾಯುಗಳಿಗೆ ರಕ್ತ ಧಾರಾಳವಾಗಿ ಹರಿಯುತ್ತದೆ. ಅಲ್ಲಿಯ ರಕ್ತನಾಳಗಳು ಹಿಗ್ಗಿರುತ್ತವೆ. ಆ ರಕ್ತ ಮತ್ತೆ ಹೃದಯಕ್ಕೆ ಏರಬೇಕಾದರೆ ಹೃದಯದ ಬಲವೊಂದೇ ಸಾಲದು. ಪ್ರತಿ ಹೆಜ್ಜೆಯಲ್ಲೂ ಕಾಲಿನ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಓಟಗಾರ ಗಕ್ಕನೆ ನಿಂತರೆ ಈ ಪಂಪು ನಿಲ್ಲುತ್ತದೆ. ರಕ್ತ ಕಾಲಿನಲ್ಲೇ ತಂಗುತ್ತದೆ, ಮೆದುಳಿಗೆ ಹೋಗುವ ಪಾಲು ಒಂದು ಕ್ಷಣ ಕಡಿಮೆಯಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ನೆಲದ ಮೇಲೆ ಮಲಗಿದರೆ ರಕ್ತ ಸುಲಭವಾಗಿ ಮೆದುಳಿಗೆ ಹರಿದು ತಲೆ ತಿಳಿಯಾಗುತ್ತದೆ. ಓಟ ಮುಗಿದ ಮೇಲೆ ಸ್ವಲ್ಪ ಹೊತ್ತು ನಡೆದಾಡಿ ಎಂದು ದೈಹಿಕ ಶಿಕ್ಷಣದ ಮೇಷ್ಟ್ರು ಹೇಳುವುದು ಇದಕ್ಕಾಗಿಯೇ. ಈ ನಿಯಮ ಗಂಡಿಗೊಂದು ಹೆಣ್ಣಿಗೊಂದು ಎಂದು ಬೇರೆಯಾಗಿಲ್ಲ.

1908ರ ಲಂಡನ್ ಒಲಿಂಪಿಕ್ಸ್‌ನ ಗಂಡಸರ ಮ್ಯಾರಥಾನ್ ನೆನಪಿಸಿಕೊಳ್ಳಿ. ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣ ಹೊಕ್ಕರು. ದಿಕ್ಕು ತಪ್ಪಿದರು, ಮತ್ತೆ ಮತ್ತೆ ಬಿದ್ದರು, ಕೊನೆಗೆ ಅಧಿಕಾರಿಗಳು ಹಿಡಿದೆಬ್ಬಿಸಿ ಗುರಿ ದಾಟಿಸಿದರು. ಬೇರೆಯವರ ನೆರವು ಪಡೆದರೆಂದು ಪದಕ ಅವರ ಕೈತಪ್ಪಿತು. ಆದರೂ ಇಂಗ್ಲೆಂಡಿನ ರಾಣಿ ಅಲೆಕ್ಸಾಂಡ್ರಾ ಅವರಿಗೆ ವಿಶೇಷ ಬಟ್ಟಲನ್ನು ನೀಡಿ ಗೌರವಿಸಿದರು. ಪಿಯೆಟ್ರಿ ಕುಸಿದರೆಂದು ಗಂಡಸರ ಮ್ಯಾರಥಾನನ್ನು ಯಾರೂ ನಿಲ್ಲಿಸಲಿಲ್ಲ. ಗಂಡು ಕುಸಿದರೆ ಅದು ಸಾಹಸ, ಹೆಣ್ಣು ಕುಸಿದರೆ ಅದು ಅಶಕ್ತಿ ಎಂಬುದು ಶರೀರಶಾಸ್ತ್ರದ ಮಾತಲ್ಲ.

ಗಂಡು ಹೆಣ್ಣಿನ ದೇಹಗಳಲ್ಲಿ ವ್ಯತ್ಯಾಸವೇ ಇಲ್ಲವೆಂದು ಇದರ ಅರ್ಥವಲ್ಲ. ಸರಾಸರಿಯಲ್ಲಿ ಗಂಡಸರಿಗೆ ಸ್ನಾಯುವಿನ ಪ್ರಮಾಣ ಹೆಚ್ಚು, ಹೃದಯ ದೊಡ್ಡದು, ರಕ್ತದಲ್ಲಿ ಹಿಮೋಗ್ಲೋಬಿನ್ ಅಧಿಕ. ಆದ್ದರಿಂದಲೇ ಓಟದ ಅತ್ಯುನ್ನತ ಮಟ್ಟದಲ್ಲಿ ನೂರಕ್ಕೆ ಹತ್ತು ಹನ್ನೆರಡರಷ್ಟು ಅಂತರ ಕಾಣುತ್ತದೆ ಮತ್ತು ಸ್ಪರ್ಧೆಗಳನ್ನು ಬೇರೆ ಬೇರೆಯಾಗಿ ನಡೆಸುತ್ತಾರೆ. ಆದರೆ ನಿಧಾನ ಎಂಬುದು ಬೇರೆ, ಅಸಾಧ್ಯ ಎಂಬುದು ಬೇರೆ. ಅಂದಿನ ಅಧಿಕಾರಿಗಳು ಈ ಎರಡನ್ನು ಒಂದೇ ಎಂದು ತಿಳಿದರು.

ಬಾಗಿಲು ತಟ್ಟಿದವರು

ಆಮ್‌ಸ್ಟರ್‌ಡಾಂನಲ್ಲಿ ಸಿಕ್ಕ ಆ ಐದು ಸ್ಪರ್ಧೆಗಳೂ ಪುಕ್ಕಟೆಯಾಗಿ ಬಂದವಲ್ಲ. ಆಧುನಿಕ ಒಲಿಂಪಿಕ್ಸ್‌ನ ಸ್ಥಾಪಕ ಪಿಯರ್ ದ ಕೂಬರ್ತಾಂ ಅವರೇ ಹೆಂಗಸರ ಸ್ಪರ್ಧೆಗಳಿಗೆ ವಿರೋಧಿಯಾಗಿದ್ದರು. ಆಗ ಎದ್ದು ನಿಂತವರು ಫ್ರಾನ್ಸಿನ ಆಲಿಸ್ ಮಿಲ್ಯಾ. ದೋಣಿ ಸ್ಪರ್ಧೆಗಳಲ್ಲಿ ಪಳಗಿದ ಈಕೆ 1921ರಲ್ಲಿ ಮಹಿಳಾ ಕ್ರೀಡೆಗಳಿಗಾಗಿಯೇ ಒಂದು ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಮರುವರ್ಷ ಪ್ಯಾರಿಸ್ಸಿನಲ್ಲಿ ಹೆಂಗಸರದೇ ಒಂದು ಕ್ರೀಡಾಕೂಟ ನಡೆಸಿದರು. ಅಲ್ಲಿ 1000 ಮೀಟರ್ ಓಟವೂ ಇತ್ತು. ನಂತರ 1926, 1930, 1934ರಲ್ಲಿ ಬೇರೆ ಬೇರೆ ನಗರಗಳಲ್ಲಿ ಈ ಕೂಟ ನಡೆಯಿತು. ಮಿಲ್ಯಾ ಅವರ ಒತ್ತಡವೇ ಒಲಿಂಪಿಕ್ ಬಾಗಿಲನ್ನು ಸ್ವಲ್ಪ ಸರಿಸಿತ್ತು.

ಹಾಗಿದ್ದೂ 800 ಮೀಟರ್ ಓಟವನ್ನು ತೆಗೆದುಹಾಕುವುದು ಅಷ್ಟು ಸುಲಭವಾದದ್ದು ಹೇಗೆ? ತೀರ್ಮಾನದ ಅಧಿಕಾರವೆಲ್ಲ ಗಂಡಸರ ಕೈಯಲ್ಲಿತ್ತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸ್ಥಾಪನೆಯಾದದ್ದು 1894ರಲ್ಲಿ. ಅದರೊಳಗೆ ಮೊದಲ ಇಬ್ಬರು ಮಹಿಳಾ ಸದಸ್ಯರು ಬಂದದ್ದು 1981ರಲ್ಲಿ. ಎಂಬತ್ತೇಳು ವರ್ಷ ಹುಡುಗಿಯರು ಎಷ್ಟು ದೂರ ಓಡಬಹುದು ಎಂಬುದನ್ನು ಓಡಿದವರನ್ನು ಕೇಳದೆಯೇ ನಿರ್ಧರಿಸಲಾಯಿತು.

ಬಾಗಿಲು ತೆರೆದದ್ದು ಮೆಟ್ಟಿಲು ಮೆಟ್ಟಿಲಾಗಿ. 400 ಮೀಟರ್ ಓಟ 1964ರಲ್ಲಿ, 1500 ಮೀಟರ್ 1972ರಲ್ಲಿ ಬಂದವು. ಮ್ಯಾರಥಾನ್ ಮಾತ್ರ ಇನ್ನೂ ದೂರ ಉಳಿದಿತ್ತು. ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ 1966ರಲ್ಲಿ ಬಾಬಿ ಗಿಬ್ ಸಂಖ್ಯೆಯಿಲ್ಲದೆಯೇ ಓಡಿ ಮುಗಿಸಿದರು. 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ತಮ್ಮ ಹೆಸರನ್ನು ಕೆ.ವಿ. ಸ್ವಿಟ್ಜರ್ ಎಂದು ಬರೆಸಿ 261ನೆಯ ಸಂಖ್ಯೆ ಪಡೆದು ಓಡಿದರು. ನಡುದಾರಿಯಲ್ಲಿ ಒಬ್ಬ ಅಧಿಕಾರಿ ಆ ಸಂಖ್ಯೆಯ ಚೀಟಿಯನ್ನು ಕಿತ್ತುಕೊಳ್ಳಲು ಮೈಮೇಲೆ ಏರಿ ಬಂದರು. ಸ್ವಿಟ್ಜರ್ ನಿಲ್ಲಲಿಲ್ಲ. 42 ಕಿಲೋಮೀಟರ್ ಮುಗಿಸಿಯೇ ಬಿಟ್ಟರು. ಬಾಸ್ಟನ್ನಿನಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ದೊರೆತದ್ದು 1972ರಲ್ಲಿ.

ಲಾಸ್ ಏಂಜಲೀಸ್, 1984

ಕೊನೆಗೆ 1984ರ ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್‌ನ ಮೊದಲ ಮಹಿಳಾ ಮ್ಯಾರಥಾನ್ ನಡೆಯಿತು. ಅಮೆರಿಕದ ಜೋನ್ ಬೆನೊಯಿಟ್ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗೆದ್ದರು. ಈ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿ ಇಟ್ಟು ನೋಡಿ. ಹೆಂಗಸರಿಗೆ 800 ಮೀಟರ್ ಓಟ ಹೆಚ್ಚಾಯಿತೆಂದು ಹೇಳಿದ ಅದೇ ಆಮ್‌ಸ್ಟರ್‌ಡಾಂ ಕ್ರೀಡೆಗಳಲ್ಲಿ ಗಂಡಸರ ಮ್ಯಾರಥಾನ್ ಗೆದ್ದವರ ಕಾಲ 2 ಗಂಟೆ 32 ನಿಮಿಷ 57 ಸೆಕೆಂಡು. ಬೆನೊಯಿಟ್ ಅದಕ್ಕಿಂತ ಎಂಟು ನಿಮಿಷಕ್ಕೂ ಮಿಕ್ಕಿ ಬೇಗ ಓಡಿದ್ದರು.

ಅದೇ ಓಟದಲ್ಲಿ ಇನ್ನೊಂದು ಘಟನೆ ನಡೆಯಿತು. ಸ್ವಿಟ್ಜರ್ಲೆಂಡಿನ ಪರವಾಗಿ ಓಡಿದ 39 ವರ್ಷದ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಬಿಸಿಲಿನ ಧಗೆಯಲ್ಲಿ ಕೊನೆಯ ನೀರಿನ ಕಟ್ಟೆಯನ್ನು ಗಮನಿಸದೆ ದಾಟಿಬಿಟ್ಟಿದ್ದರು. ಕ್ರೀಡಾಂಗಣ ಹೊಕ್ಕಾಗ ಮೈ ಒಂದು ಕಡೆ ವಾಲಿತ್ತು, ಕಾಲು ಎಳೆಯುತ್ತಿತ್ತು. ಕೊನೆಯ ಒಂದು ಸುತ್ತಿಗೆ ಐದೂವರೆ ನಿಮಿಷಕ್ಕೂ ಹೆಚ್ಚು ಹಿಡಿಯಿತು. ವೈದ್ಯರು ಪಕ್ಕದಲ್ಲೇ ಬಂದರು. ಅವರು ಮುಟ್ಟಿದರೆ ಓಟಗಾರ್ತಿ ಸ್ಪರ್ಧೆಯಿಂದ ಹೊರಗೆ. ಆಕೆ ಕೈಬೀಸಿ ಬೇಡವೆಂದರು. ವೈದ್ಯರು ಆಕೆಯ ಮೈಯನ್ನು ಸೂಕ್ಷ್ಮವಾಗಿ ನೋಡಿದರು. ಬೆವರು ಇನ್ನೂ ಬರುತ್ತಿತ್ತು. ದೇಹ ತನ್ನ ಬಿಸಿಯನ್ನು ಹೊರಹಾಕುವ ಕೆಲಸವನ್ನು ನಿಲ್ಲಿಸಿಲ್ಲ ಎಂದು ಅಂದಾಜು ಮಾಡಿ ಮುಂದೆ ಹೋಗಲು ಬಿಟ್ಟರು. ಆಕೆ 37ನೆಯವರಾಗಿ ಗುರಿ ದಾಟಿ ವೈದ್ಯರ ತೋಳಿಗೆ ಒರಗಿದರು. ಸುಮಾರು ಎರಡು ಗಂಟೆಗಳಲ್ಲಿ ಚೇತರಿಸಿಕೊಂಡರು.

1928ರಲ್ಲಾಗಿದ್ದರೆ ಈ ಒಂದು ದೃಶ್ಯವೇ ಮ್ಯಾರಥಾನಿನ ಬಾಗಿಲು ಮುಚ್ಚಲು ಸಾಕಾಗುತ್ತಿತ್ತು. ಈ ಸಲ ಹಾಗಾಗಲಿಲ್ಲ. ವೈದ್ಯರು ಮೈ ಮುಟ್ಟಿ ಪರೀಕ್ಷಿಸಿದ ಮಾತ್ರಕ್ಕೆ ಓಟಗಾರರು ಸ್ಪರ್ಧೆ ಕಳೆದುಕೊಳ್ಳಬಾರದೆಂದು ಮುಂದೆ ನಿಯಮವನ್ನು ತಿದ್ದಲಾಯಿತು. ಓಟ ಉಳಿಯಿತು, ಓಡುವವರ ಸುರಕ್ಷತೆಯೂ ಹೆಚ್ಚಿತು. ಅಪಾಯ ಕಂಡಾಗ ವಿವೇಕಿಗಳು ಮಾಡಬೇಕಾದ ಕೆಲಸ ಇದು.

ಓಡಿದವರು ಮೇಜಿನ ಬಳಿಗೆ

ಅದೇ ಕ್ರೀಡೆಗಳಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಕೂಡ ಮೊದಲ ಸಲ ನಡೆಯಿತು. ಭಾರತೀಯರಿಗೆ ಆ ಓಟದ ನೆನಪು ಈಗಲೂ ಚುರುಕ್ಕೆನ್ನುತ್ತದೆ. ಕೇರಳದ ಪಿ.ಟಿ. ಉಷಾ 55.42 ಸೆಕೆಂಡುಗಳಲ್ಲಿ ಓಡಿ, ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚಿನ ಪದಕ ಕಳೆದುಕೊಂಡರು. ಚಿನ್ನ ಗೆದ್ದವರು ಮೊರಾಕ್ಕೊ ದೇಶದ ನವಾಲ್ ಎಲ್ ಮುತವಕ್ಕಿಲ್.

ಆ ಓಟದ ಕಥೆ ಅಲ್ಲಿಗೇ ಮುಗಿಯಲಿಲ್ಲ. ನವಾಲ್ 1998ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು, 2012ರಲ್ಲಿ ಅದರ ಉಪಾಧ್ಯಕ್ಷರಾದರು. ಉಷಾ 2022ರ ಡಿಸೆಂಬರಿನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಸ್ಥಾನಕ್ಕೆ ಏರಿದ ಮೊದಲ ಮಹಿಳೆ ಅವರೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೂ ಪುರುಷರಿಗೂ ಸಮನಾದ ಸ್ಥಾನಗಳನ್ನು ಮೀಸಲಿಡಲಾಯಿತು. 2025ರ ಮಾರ್ಚಿನಲ್ಲಿ ಜಿಂಬಾಬ್ವೆಯ ಈಜುಗಾರ್ತಿ ಕರ್ಸ್ಟಿ ಕವೆಂಟ್ರಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಮಹಿಳಾ ಅಧ್ಯಕ್ಷರಾಗಿ ಆಯ್ಕೆಯಾದರು.

ನಮ್ಮ ರಾಜ್ಯದಲ್ಲೂ ಇಂಥವರಿದ್ದಾರೆ. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತ ಮಹಿಳಾ ಕ್ರಿಕೆಟ್ ತಂಡದ ಮೊದಲ ಟೆಸ್ಟ್ ನಾಯಕಿಯಾದರು. 2019ರಲ್ಲಿ ಕ್ರಿಕೆಟ್ ಮಂಡಲಿಯ ಉನ್ನತ ಸಮಿತಿಯಲ್ಲಿ ಕುಳಿತರು. ಉಷಾ ಅವರ ಸಮಕಾಲೀನ ಓಟಗಾರ್ತಿ, ಕೊಡಗಿನ ಅಶ್ವಿನಿ ನಾಚಪ್ಪ ಓಟ ನಿಲ್ಲಿಸಿದ ಮೇಲೆ ಗೋಣಿಕೊಪ್ಪಲಿನಲ್ಲಿ ಆಟ ಮತ್ತು ಪಾಠ ಎರಡಕ್ಕೂ ಮನ್ನಣೆಯಿರುವ ಶಾಲೆಯನ್ನು ಕಟ್ಟಿದರು.

ಮನೆಯಲ್ಲಿ, ಶಾಲೆಯಲ್ಲಿ

ಒಲಿಂಪಿಕ್ ಸಮಿತಿಯ ಮಾತು ಹಾಗಿರಲಿ, ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಐದನೆಯ ತರಗತಿಯವರೆಗೆ ಅಣ್ಣನ ಜೊತೆ ಬೀದಿಯಲ್ಲಿ ಓಡಿದ ಹುಡುಗಿ ಎಂಟನೆಯ ತರಗತಿಗೆ ಬರುವಾಗ ಅಂಗಳದ ಅಂಚಿಗೆ ಸರಿದಿರುತ್ತಾಳೆ. ದೊಡ್ಡವಳಾದಳು, ಇನ್ನು ಆಟ ಸಾಕು ಎನ್ನುವವರು ಇದ್ದಾರೆ. ಕಪ್ಪಾಗುತ್ತಾಳೆ ಎನ್ನುವವರೂ ಇದ್ದಾರೆ. ಆದರೆ ಮೂಳೆಗಳು ಗಟ್ಟಿಯಾಗುವುದು ಮುಖ್ಯವಾಗಿ ಇದೇ ಹರೆಯದಲ್ಲಿ. ಓಡುವುದು, ಜಿಗಿಯುವುದು ಮೂಳೆಗಳಿಗೆ ಬೇಕಾದ ಕೆಲಸ. ಈಗ ಕೂಡಿಟ್ಟ ಗಟ್ಟಿತನವೇ ಐವತ್ತು ಅರವತ್ತರ ವಯಸ್ಸಿನಲ್ಲಿ ಖರ್ಚಿಗೆ ಬರುವುದು.

ಹುಡುಗಿ ಬೇಗ ಸುಸ್ತಾಗುತ್ತಾಳೆಂದು ಆಟ ಬಿಡಿಸುವ ಮೊದಲು ಅವಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಕಡಿಮೆಯಾದರೆ ಯಾರಿಗಾದರೂ ಏದುಸಿರು ಬರುತ್ತದೆ. ಇದಕ್ಕೆ ಮದ್ದು ವೈದ್ಯರ ಸಲಹೆ, ಸೊಪ್ಪು-ಕಾಳಿನ ಊಟ, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ. ಮೂಲೆಯಲ್ಲಿ ಕೂರಿಸುವುದು ಮದ್ದಲ್ಲ. ಮುಟ್ಟಿನ ದಿನಗಳಲ್ಲೂ ನೋವು ಹೆಚ್ಚಿಲ್ಲದಿದ್ದರೆ ಆಟಕ್ಕೆ ಅಡ್ಡಿಯಿಲ್ಲ. ಆಡಬೇಕೋ ಬೇಡವೋ ಎಂಬುದನ್ನು ಅವಳೇ ಹೇಳಲಿ.

ಶಾಲೆಗಳು ಮಾಡಬಹುದಾದ ಕೆಲಸವೂ ಬಹಳಿದೆ. ಕ್ರೀಡಾ ದಿನದಂದು ಹುಡುಗರಿಗೆ 1500 ಮೀಟರ್ ಓಟ, ಹುಡುಗಿಯರಿಗೆ ನಿಂಬೆಹಣ್ಣು-ಚಮಚ ಎಂಬ ಪಟ್ಟಿ ಎಲ್ಲಾದರೂ ಉಳಿದಿದ್ದರೆ ಅದನ್ನು ಹರಿದು ಹಾಕಬೇಕು. ಮೈದಾನ ಬಳಸುವ ಹೊತ್ತನ್ನು ಸಮನಾಗಿ ಹಂಚಬೇಕು. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ನೀರಿರುವ ಶೌಚಾಲಯ ಇರಬೇಕು. ಖೋ-ಖೋ ಪಂದ್ಯಕ್ಕೆ ಅಂಕ ಬರೆಯುವುದು, ಸೀಟಿ ಊದುವುದು, ತಂಡ ಆರಿಸುವುದು, ಕ್ರೀಡಾ ಕಾರ್ಯದರ್ಶಿಯ ಹೊಣೆ ಇವೆಲ್ಲ ಹುಡುಗಿಯರ ಪಾಲಿಗೂ ಬರಬೇಕು. ನಾಯಕತ್ವ ಕಲಿಯುವುದು ಹೀಗೆ ಸಣ್ಣ ಸಣ್ಣ ಕೆಲಸಗಳಿಂದಲೇ.

ಖೋ-ಖೋ ಆಡಲು ಸಣ್ಣ ಮೈದಾನ, ಎರಡು ಕಂಬ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಮಹಿಳಾ ತಂಡ ಗೆದ್ದಾಗ ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಅಂಗಳದಿಂದ ಅಲ್ಲಿಯವರೆಗೆ ದಾರಿಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದು ಹುಡುಗಿಯರಿಗೆ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ವಿಜ್ಞಾನದ ವಿದ್ಯಾರ್ಥಿಗಳು ಸಿಟ್ಟಾಗಬೇಕಿಲ್ಲ, ತಲೆ ತಗ್ಗಿಸಬೇಕಾಗಿಯೂ ಇಲ್ಲ. ಪ್ರಯೋಗಶಾಲೆಯಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿದರೆ ಸಾಕು: ಅಳೆದು ನೋಡಿದವರು ಯಾರು, ಲೆಕ್ಕ ಎಲ್ಲಿದೆ? ಉತ್ತರ ಸಿಗದಿದ್ದರೆ ಸುಣ್ಣದ ಗೆರೆ ಎಳೆದು, ಗಡಿಯಾರ ಹಿಡಿದು, ಹುಡುಗಿಯರನ್ನು ಓಡಲು ಬಿಡಿ.