ಕಾಯಿಲೆಯ ಗಿಳಿಗೆ ಶಾಖವೇ ಮೊದಲ ಮದ್ದು

ಎತ್ತು ಮೇವು ಬಿಟ್ಟರೆ ರೈತನು ಅಂದೇ ಪಶುವೈದ್ಯರ ಬಳಿಗೆ ಹೋಗುತ್ತಾನೆ. ಹಸು ಹಾಲು ಕಡಿಮೆ ಮಾಡಿದರೆ ಮನೆಯವರೆಲ್ಲ ಚಿಂತೆಗೀಡಾಗುತ್ತಾರೆ. ಆದರೆ ಜಗಲಿಯ ಪಂಜರದಲ್ಲಿರುವ ಪುಟ್ಟ ಹಕ್ಕಿಯು ಎರಡು ದಿನ ಮಂಕಾಗಿ ಕುಳಿತರೆ, ‘ಚಳಿಗೆ ಹಾಗೆ ಕೂತಿದೆ, ಬಿಸಿಲೇರಿದರೆ ಸರಿಹೋಗುತ್ತದೆ’ ಎಂದು ಸುಮ್ಮನಾಗುವವರೇ ಹೆಚ್ಚು. ಮೂರನೆಯ ದಿನ ಬೆಳಿಗ್ಗೆ ಅದು ಪಂಜರದ ತಳದಲ್ಲಿ ಸತ್ತು ಬಿದ್ದಿರುತ್ತದೆ. ಮಕ್ಕಳ ಕಣ್ಣೀರನ್ನು ಒರೆಸುವುದಷ್ಟೇ ಹಿರಿಯರಿಗೆ ಉಳಿಯುವ ಕೆಲಸ. ಇಂಥ ಸಾವುಗಳಲ್ಲಿ ಹಲವನ್ನು ತಪ್ಪಿಸಬಹುದು. ಅದಕ್ಕೆ ಬೇಕಾದುದು ದುಬಾರಿ ಔಷಧವಲ್ಲ. ವೈದ್ಯರ ಕೈ ಸೇರುವ ತನಕ ಹಕ್ಕಿಯ ಮೈಯನ್ನು ಬೆಚ್ಚಗಿಡುವ ತಿಳಿವಳಿಕೆ ಇದ್ದರೆ ಸಾಕು.

ಯಾವ ಗಿಳಿಯನ್ನು ಸಾಕಬಹುದು?

ಮೊದಲು ಒಂದು ಮಾತನ್ನು ಎಲ್ಲರೂ ತಿಳಿದಿರಬೇಕು. ನಮ್ಮ ಹೊಲ, ತೋಪುಗಳಲ್ಲಿ ಹಾರಾಡುವ ಕೆಂಪು ಕೊಕ್ಕಿನ ಹಸಿರು ಗಿಳಿಯು ಕಾಡುಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಎಲ್ಲವೂ ಅಪರಾಧ. ಅಂಥ ಗಿಳಿಯೊಂದು ಗಾಯಗೊಂಡು ಅಂಗಳದಲ್ಲಿ ಬಿದ್ದು ಸಿಕ್ಕಿದರೆ ಬೆಚ್ಚಗೆ ಪೆಟ್ಟಿಗೆಯಲ್ಲಿರಿಸಿ, ತಡಮಾಡದೆ ಅರಣ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು.

ಅಂಗಡಿ, ಸಂತೆಗಳಲ್ಲಿ ‘ಲವ್ ಬರ್ಡ್ಸ್’ ಎಂಬ ಹೆಸರಿನಲ್ಲಿ ಮಾರುವ ಹಸಿರು, ಹಳದಿ, ನೀಲಿ ಬಣ್ಣದ ಹಕ್ಕಿಗಳು ಬಹುಮಟ್ಟಿಗೆ ಆಸ್ಟ್ರೇಲಿಯ ಮೂಲದ ಬಜರಿಗಾರ್ ಗಿಳಿಗಳು. ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಗಿಳಿಯೂ ಅದೇ ದೇಶದ್ದು. ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞನು 1840ರಲ್ಲಿ ಬಜರಿಗಾರ್ ಗಿಳಿಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನು. ಅಲ್ಲಿಂದಾಚೆಗೆ ಅವು ಲೋಕದ ನಾನಾ ಕಡೆಯ ಮನೆಗಳನ್ನು ಸೇರಿದವು. ಈ ಲೇಖನವು ಮುಖ್ಯವಾಗಿ ಇಂಥ ಸಾಕುಗಿಳಿಗಳನ್ನು ಕುರಿತದ್ದು.

ಶಾಖ ಏಕೆ ಬೇಕು?

ಮನುಷ್ಯನ ಮೈಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹಕ್ಕಿಯ ಮೈ ಅದಕ್ಕಿಂತ ಬಿಸಿ, ಸುಮಾರು 41 ಡಿಗ್ರಿ. ಬಜರಿಗಾರ್ ಗಿಳಿಯ ತೂಕವಾದರೋ ಕೇವಲ 30ರಿಂದ 40 ಗ್ರಾಂ. ಒಲೆಯಿಂದ ಇಳಿಸಿದ ಹಂಡೆಯ ನೀರು ಬಹಳ ಹೊತ್ತು ಬೆಚ್ಚಗಿರುತ್ತದೆ. ಅದೇ ನೀರನ್ನು ಲೋಟಕ್ಕೆ ಹಾಕಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ. ಹಾಗೆಯೇ ಪುಟ್ಟ ಮೈ ಬೇಗ ಶಾಖ ಕಳೆದುಕೊಳ್ಳುತ್ತದೆ. ಕಳೆದುದನ್ನು ತುಂಬಿಕೊಳ್ಳಲು ಹಕ್ಕಿಯು ದಿನವೆಲ್ಲ ಕಾಳು ತಿನ್ನುತ್ತಿರಬೇಕು. ಕಾಳೇ ಅದರ ಸೌದೆ.

ಆರೋಗ್ಯವಾಗಿರುವ ಹಕ್ಕಿ ನಮ್ಮ ಚಳಿಯನ್ನು ತಡೆದುಕೊಳ್ಳಬಲ್ಲದು. ಗಾಳಿ ನೇರವಾಗಿ ಬಡಿಯದಂತೆ ನೋಡಿಕೊಂಡರೆ ಅದಕ್ಕೆ ಬೇರೆ ಶಾಖ ಬೇಡ. ಕಾಯಿಲೆ ಬಿದ್ದ ಹಕ್ಕಿಯ ಸ್ಥಿತಿ ಬೇರೆ. ಅದು ಮೇವು ಬಿಟ್ಟಿರುತ್ತದೆ. ಸೌದೆಯಿಲ್ಲದ ಒಲೆಯಂತೆ ಅದರ ಮೈ ಆರತೊಡಗುತ್ತದೆ. ಬೀದರ, ವಿಜಯಪುರದ ಕಡೆ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣತೆಯು 10 ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು. ಅಂಥ ರಾತ್ರಿ ರೋಗದೊಡನೆಯೂ ಚಳಿಯೊಡನೆಯೂ ಏಕಕಾಲಕ್ಕೆ ಹೋರಾಡುವ ಶಕ್ತಿ ಆ ಹಕ್ಕಿಗೆ ಇರುವುದಿಲ್ಲ. ನಾವು ಹೊರಗಿನಿಂದ ಶಾಖ ಕೊಟ್ಟರೆ ಅದರ ಶಕ್ತಿಯೆಲ್ಲ ರೋಗವನ್ನು ಎದುರಿಸಲು ಉಳಿಯುತ್ತದೆ.

ಕಾಯಿಲೆಯ ಗುರುತುಗಳು

ಹಕ್ಕಿಗಳು ಕಾಯಿಲೆಯನ್ನು ಮರೆಮಾಚುತ್ತವೆ. ಹೊರಗೆ ಕಾಣಿಸುವ ಹೊತ್ತಿಗೆ ರೋಗವು ಬಲಿತಿರುವುದೇ ಹೆಚ್ಚು. ಆದುದರಿಂದ ಕೆಳಗಿನ ಯಾವ ಗುರುತು ಕಂಡರೂ ಉದಾಸೀನ ಮಾಡಕೂಡದು.

1. ಹಗಲಿನಲ್ಲಿಯೂ ಪುಕ್ಕ ಉಬ್ಬಿಸಿಕೊಂಡು ಚೆಂಡಿನಂತೆ ಕುಳಿತಿರುವುದು.
2. ಕಣ್ಣು ಅರೆಮುಚ್ಚಿ ತೂಕಡಿಸುವುದು, ದನಿ ಅಡಗುವುದು.
3. ಕಾಳು ಮುಟ್ಟದಿರುವುದು, ಅಥವಾ ಸಿಪ್ಪೆ ಕೆದಕಿ ತಿಂದಂತೆ ತೋರಿಸುವುದು.
4. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಕುಣಿಯುವುದು.
5. ಹಿಕ್ಕೆಯ ಬಣ್ಣ ಬದಲಾಗುವುದು, ನೀರಾಗುವುದು.
6. ಕೂರುವ ಕಡ್ಡಿಯನ್ನು ಬಿಟ್ಟು ಪಂಜರದ ತಳಕ್ಕಿಳಿಯುವುದು. ಇದು ಎಲ್ಲಕ್ಕಿಂತ ಅಪಾಯದ ಗುರುತು.

ಬೆಚ್ಚನೆಯ ಮನೆ ಮಾಡುವ ಬಗೆ

ಕಾಯಿಲೆಯ ಹಕ್ಕಿಯನ್ನು ಮೊದಲು ಬೇರೆ ಹಕ್ಕಿಗಳಿಂದ ಪ್ರತ್ಯೇಕಿಸಿರಿ. ಸಣ್ಣ ಪಂಜರ, ಅಥವಾ ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ ಸಾಕು. ತಳಕ್ಕೆ ಹಳೆಯ ವೃತ್ತಪತ್ರಿಕೆ ಹಾಸಿ, ಅದರ ಮೇಲೆ ಬಿಳಿಯ ಬಟ್ಟೆ ಹಾಕಿದರೆ ಹಿಕ್ಕೆಯ ಬಣ್ಣ ತಿಳಿಯುತ್ತದೆ. ಎತ್ತರದ ಕಡ್ಡಿಗಳನ್ನು ತೆಗೆದು ಒಂದನ್ನು ಮಾತ್ರ ತಳಕ್ಕೆ ಹತ್ತಿರವಾಗಿ ಕಟ್ಟಿರಿ. ಬಳಲಿದ ಹಕ್ಕಿ ಬಿದ್ದು ಪೆಟ್ಟು ಮಾಡಿಕೊಳ್ಳಬಾರದು.

ಪಂಜರದ ಮೇಲುಭಾಗ ಮತ್ತು ಮೂರು ಬದಿಗಳನ್ನು ದಪ್ಪ ಬಟ್ಟೆಯಿಂದ ಮುಚ್ಚಿರಿ. ಒಂದು ಬದಿ ಗಾಳಿಗೆ ತೆರೆದಿರಲಿ. ಕಂಬಳಿಯನ್ನು ಹೊರಗೆ ಹೊದಿಸಬಹುದೇ ಹೊರತು ಒಳಗೆ ಹಾಸಬಾರದು. ಅದರ ಎಳೆಗಳಿಗೆ ಹಕ್ಕಿಯ ಉಗುರು ಸಿಕ್ಕಿಕೊಳ್ಳುತ್ತದೆ. ಪಂಜರವನ್ನು ತಣ್ಣನೆಯ ನೆಲದ ಮೇಲಾಗಲಿ, ಕಿಟಕಿ ಬಾಗಿಲುಗಳ ಎದುರಿನಲ್ಲಾಗಲಿ ಇಡದೆ, ಒಳಕೋಣೆಯ ಮೇಜಿನ ಮೇಲಿಡುವುದು ಒಳಿತು.

ಶಾಖ ಕೊಡಲು ಎರಡು ಸುಲಭ ವಿಧಾನಗಳಿವೆ. ಒಂದು, ಬಿಸಿನೀರಿನ ಸೀಸೆ. ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಿ, ಟವೆಲಿನಲ್ಲಿ ಸುತ್ತಿ, ಪಂಜರದ ಒಂದು ಬದಿಗೆ ತಾಗಿಸಿಡಿರಿ. ಆರಿದಂತೆಲ್ಲ ನೀರು ಬದಲಿಸುತ್ತಿರಬೇಕು. ಆರಿದ ಸೀಸೆ ಹಕ್ಕಿಯ ಶಾಖವನ್ನೇ ಹೀರುತ್ತದೆ. ವಿದ್ಯುತ್ತು ಹೋದ ರಾತ್ರಿಗಳಲ್ಲಿ ಇದೇ ಗತಿ.

ಎರಡನೆಯದು ವಿದ್ಯುತ್ ಬಲ್ಬು. ಒಳಗೆ ತಂತಿ ಕಾಯುವ ಹಳೆಯ ಮಾದರಿಯ 40 ಅಥವಾ 60 ವಾಟಿನ ಬಲ್ಬೇ ಆಗಬೇಕು. ಈಗ ಮನೆಮನೆಯಲ್ಲೂ ಇರುವ ಎಲ್‌ಇಡಿ ಬಲ್ಬು ಬೆಳಕನ್ನು ಕೊಡುತ್ತದೆಯೇ ಹೊರತು ಬೇಕಾದಷ್ಟು ಶಾಖವನ್ನು ಕೊಡದು. ಬಲ್ಬನ್ನು ಪಂಜರದ ಹೊರಗೆ ಒಂದು ಬದಿಯಲ್ಲಿ ಭದ್ರವಾಗಿ ನಿಲ್ಲಿಸಿರಿ. ಬಟ್ಟೆಗೆ ತಾಗಿದರೆ ಬೆಂಕಿ ಹತ್ತೀತು. ತಂತಿ ಕೊಕ್ಕಿಗೆ ಎಟುಕಿದರೆ ಗಿಳಿ ಅದನ್ನು ಕಡಿದೀತು. ಬಲ್ಬಿನ ಬೆಳಕು ಹಕ್ಕಿಯ ನಿದ್ದೆಗೆಡಿಸುವುದರಿಂದ ರಾತ್ರಿಗೆ ಸೀಸೆಯೇ ಲೇಸು.

ಶಾಖವು ಒಂದೇ ಬದಿಯಲ್ಲಿರಬೇಕೆಂಬುದನ್ನು ಮರೆಯಬಾರದು. ಆಗ ಹಕ್ಕಿ ತನಗೆ ಬೇಕೆನಿಸಿದರೆ ಹತ್ತಿರ ಬರುತ್ತದೆ, ಸಾಕೆನಿಸಿದರೆ ದೂರ ಸರಿಯುತ್ತದೆ.

ಎಷ್ಟು ಶಾಖ?

ಬೆಚ್ಚನೆಯ ಬದಿಯಲ್ಲಿ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ರೇಷ್ಮೆ ಸಾಕುವ ಮನೆಗಳಲ್ಲಿ ಗೋಡೆಗೆ ತೂಗುಹಾಕುವ ಉಷ್ಣಮಾಪಕವನ್ನು ಹಕ್ಕಿ ಕೂರುವ ಮಟ್ಟದಲ್ಲಿಟ್ಟು ನೋಡಬಹುದು. ಚಾಕಿ ಹುಳುಗಳಿಗೆ 26ರಿಂದ 28 ಡಿಗ್ರಿ ಕಾಯ್ದುಕೊಳ್ಳುವ ನಮ್ಮ ರೇಷ್ಮೆ ಬೆಳೆಗಾರರಿಗೆ ಇದು ಹೊಸ ಕೆಲಸವೇನಲ್ಲ.

ಮಾಪಕವಿಲ್ಲದವರು ಹಕ್ಕಿಯನ್ನೇ ನೋಡಿ ತಿಳಿಯಬಹುದು. ಕೋಳಿಮರಿಗಳು ಚಳಿಯಾದರೆ ದೀಪದಡಿ ಗುಂಪುಗೂಡುತ್ತವೆ, ಸೆಕೆಯಾದರೆ ದೂರ ಓಡುತ್ತವೆ. ಗಿಳಿಯೂ ಹಾಗೆಯೇ. ಪುಕ್ಕ ಉಬ್ಬಿಯೇ ಇದ್ದರೆ ಶಾಖ ಸಾಲದು. ಪುಕ್ಕ ಮೈಗಂಟಿ, ರೆಕ್ಕೆ ಮೈಯಿಂದ ದೂರವಾಗಿ, ಬಾಯಿ ತೆರೆದು ತೇಗುತ್ತಿದ್ದರೆ ಶಾಖ ಅತಿಯಾಗಿದೆ. ಕೂಡಲೇ ಕಡಿಮೆ ಮಾಡಿರಿ. ತಲೆಗೆ ಪೆಟ್ಟು ಬಿದ್ದ ಹಕ್ಕಿಗೆ ಹೀಗೆ ಶಾಖ ಕೊಡಬಾರದು. ಕತ್ತಲೆಯ, ಸದ್ದಿಲ್ಲದ ಸ್ಥಳದಲ್ಲಿರಿಸಿ ವೈದ್ಯರಲ್ಲಿಗೆ ಒಯ್ಯಬೇಕು.

ಹೊಗೆ ಬೇಡ

ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಪಂಜರದ ಬಳಿ ಇಡುವವರಿದ್ದಾರೆ. ಇದರಂಥ ಅಪಾಯ ಮತ್ತೊಂದಿಲ್ಲ. ಕೆಂಡದಿಂದ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಈ ಅನಿಲವನ್ನು ಗುರುತಿಸಲು 1986ರ ವರೆಗೂ ಕೆನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಮನುಷ್ಯನಿಗಿಂತ ಮೊದಲೇ ಹಕ್ಕಿ ಕುಸಿಯುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿದರೆ ಮನುಷ್ಯರಿಗೂ ಪ್ರಾಣಾಪಾಯ. ಊದುಬತ್ತಿ, ಸೊಳ್ಳೆಬತ್ತಿ, ಬೀಡಿಯ ಹೊಗೆಗಳೂ ಹಕ್ಕಿಗೆ ಹಾನಿಕರ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಹೊರಡುವ ಆವಿಯಿಂದ ಹಕ್ಕಿಗಳು ಸಾಯುತ್ತವೆ. ಆದುದರಿಂದ ಬೆಚ್ಚಗಿರುವುದೆಂದು ಪಂಜರವನ್ನು ಅಡಿಗೆಮನೆಗೆ ಒಯ್ಯಬೇಡಿರಿ.

ಮೇವು, ನೀರು

ಕಾಳು ಮತ್ತು ನೀರನ್ನು ಹಕ್ಕಿಯ ಕೊಕ್ಕಿಗೆ ಎಟುಕುವಂತೆ ಹತ್ತಿರವೇ ಇಡಿರಿ. ಬೆಚ್ಚನೆಯ ಜಾಗದಲ್ಲಿ ಬಾಯಾರಿಕೆ ಹೆಚ್ಚು. ನವಣೆಯ ತೆನೆ ಬಜರಿಗಾರ್ ಗಿಳಿಗೆ ಬಲು ಇಷ್ಟ. ಬೇರೇನನ್ನೂ ಮುಟ್ಟದ ಹಕ್ಕಿಯೂ ಇದನ್ನು ಕುಕ್ಕಿ ತಿನ್ನುವುದುಂಟು. ಹಾಲು, ಬ್ರಾಂದಿ, ಮನುಷ್ಯರ ಮಾತ್ರೆಗಳನ್ನು ಕೊಡಬಾರದು. ಬೆಣ್ಣೆಹಣ್ಣು, ಚಾಕೊಲೇಟು ಗಿಳಿಗೆ ವಿಷ. ಬಾಯಿ ಬಿಡಿಸಿ ನೀರು ಹೊಯ್ದರೆ ಅದು ಶ್ವಾಸನಾಳಕ್ಕಿಳಿದು ಹಕ್ಕಿ ಅಲ್ಲಿಯೇ ಸಾಯಬಹುದು.

ಮನೆಯವರ ಎಚ್ಚರಿಕೆ

ಗಿಳಿಜ್ವರವೆಂಬ ರೋಗವು ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಹರಡುತ್ತದೆ. ಹಾಸಿದ ಕಾಗದವನ್ನು ನೀರಿನಿಂದ ತೇವ ಮಾಡಿ ಸುತ್ತಿ ತೆಗೆಯಿರಿ; ಒಣದಾಗಿ ಗುಡಿಸಬೇಡಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಿರಿ. ಮನೆಯವರಿಗೆ ಜ್ವರ, ಕೆಮ್ಮು ಬಂದರೆ ಗಿಳಿ ಸಾಕಿರುವುದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಕೋಳಿಗಳನ್ನು ಪಂಜರದ ಹತ್ತಿರ ಬಿಡಬಾರದು. ಕೊಕ್ಕರೆ ರೋಗವು ಕೋಳಿಗೂ ಗಿಳಿಗೂ ತಗಲುವಂಥದು.

ಶಾಖವು ರೋಗವನ್ನು ವಾಸಿಮಾಡುವುದಿಲ್ಲ. ವೈದ್ಯರಿಗೆ ಬೇಕಾದ ಕಾಲಾವಕಾಶವನ್ನು ದೊರಕಿಸುತ್ತದೆ, ಅಷ್ಟೆ. ಆದುದರಿಂದ ಗುರುತು ಕಂಡ ದಿನವೇ ಹಕ್ಕಿಯನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಹಿಕ್ಕೆ ಬಿದ್ದ ಕಾಗದದೊಡನೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಹಕ್ಕಿ ಚೇತರಿಸಿಕೊಂಡ ಮೇಲೆ ಶಾಖವನ್ನು ಒಮ್ಮೆಗೇ ನಿಲ್ಲಿಸದೆ, ಎರಡು ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ ಬನ್ನಿರಿ. ಕಾಳು ತಿಂದು, ಪುಕ್ಕ ನುಣುಪಾಗಿ, ದನಿ ಮರಳಿದ ಹಕ್ಕಿಯನ್ನು ಮಾತ್ರ ಮತ್ತೆ ಜಗಲಿಗೆ ತರಬೇಕು.