ಕಾಲು ಮಿಲಿಮೀಟರಿನ ನದಿ

ದಿನಕ್ಕೆ 32 ಕೋಟಿ ಲೀಟರ್ ನೀರು ಕಾಣೆಯಾಗಿದೆ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾಯುವ ಅರ್ಕಾವತಿ, ನೆಲಮಂಗಲದ ಶಿವಗಂಗೆ ಕಡೆಯಿಂದ ಬರುವ ಕುಮುದ್ವತಿ, ಇವೆರಡೂ ಸೇರುವ ತಿಪ್ಪಗೊಂಡನಹಳ್ಳಿ ಜಲಾಶಯದ ಲೆಕ್ಕವಿದು. 1975ಕ್ಕೆ ಮೊದಲು ಅಲ್ಲಿಗೆ ದಿನಕ್ಕೆ ಸರಾಸರಿ 38.5 ಕೋಟಿ ಲೀಟರ್ ಬರುತ್ತಿತ್ತು. 2000ದ ನಂತರ ಬಂದದ್ದು 6.5 ಕೋಟಿ. ಕಾಣೆಯಾದದ್ದನ್ನು 12,000 ಲೀಟರಿನ ಟ್ಯಾಂಕರುಗಳಿಗೆ ತುಂಬಿದರೆ 26,000ಕ್ಕೂ ಹೆಚ್ಚು ಟ್ಯಾಂಕರು ಬೇಕು. ನೆಲಮಂಗಲದಿಂದ ಹೆದ್ದಾರಿಯಲ್ಲಿ ಒಂದರ ಹಿಂದೊಂದು ನಿಲ್ಲಿಸಿದರೆ ಸಾಲು ಚಿತ್ರದುರ್ಗ ದಾಟುತ್ತದೆ. ಒಂದು ದಿನವಲ್ಲ, ದಿನಾ.

ಮಳೆಯನ್ನು ಬೈಯುವುದು ಸುಲಭ. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಮಳೆಯ ಪ್ರಮಾಣ, ಅದರ ರಭಸ, ತಾಪಮಾನ, ಬೋರ್‌ವೆಲ್, ನೀಲಗಿರಿ ತೋಪು, ಹಳ್ಳಕ್ಕೆ ಕಟ್ಟಿದ ಒಡ್ಡು, ಎಲ್ಲವನ್ನೂ ಆರೋಪಿಗಳ ಸಾಲಿನಲ್ಲಿ ನಿಲ್ಲಿಸಿತು. ಹವಾಮಾನಕ್ಕಿಂತ ಬೋರು ಮತ್ತು ನೀಲಗಿರಿಯ ಕೈವಾಡವೇ ಹೆಚ್ಚು, ಒಡ್ಡಿನದು ಅವಕ್ಕಿಂತ ಕಡಿಮೆ ಎಂಬುದು ಅದರ ತೀರ್ಮಾನ.

ಈಗ ಅದೇ 32 ಕೋಟಿ ಲೀಟರನ್ನು ಜಲಾಶಯದ ಸುಮಾರು 1,450 ಚದರ ಕಿಲೋಮೀಟರ್ ಜಲಾನಯನದ ಮೇಲೆ ಹರಡಿ ನೋಡಿ. ದಿನಕ್ಕೆ ಕಾಲು ಮಿಲಿಮೀಟರೂ ಆಗುವುದಿಲ್ಲ! ವರ್ಷಕ್ಕೆ 80 ಮಿಲಿಮೀಟರ್, ಒಂದು ರಾತ್ರಿಯ ಜಡಿಮಳೆ. ಸೆಕೆಂಡಿಗೆ ಒಂದು ಲೀಟರ್ ಎತ್ತುವ ಪಂಪು ಆರು ಗಂಟೆ ಓಡಿದರೆ 21,600 ಲೀಟರ್; ಅಂಥ 15,000 ಪಂಪುಗಳು ಸಾಕು. ನದಿ ಕದ್ದೆನೆಂದು ಯಾವ ರೈತನಿಗೂ ಅನಿಸಬೇಕಿಲ್ಲ.

ಇದನ್ನೆಲ್ಲ ಲೆಕ್ಕಕ್ಕಿಳಿಸಲು ಗಣಿತದ ಮಾದರಿ ಕಟ್ಟುವವರಿಗೆ ಕಷ್ಟವಾಗುವುದು ನೀರಲ್ಲ, ರೈತನ ಪಂಪಿನ ಸ್ಟಾರ್ಟರ್ ಪೆಟ್ಟಿಗೆ. 10 ಎಚ್.ಪಿ. ತನಕದ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಪುಕ್ಕಟೆ, ಆದರೆ ತ್ರೀಫೇಸ್ ಕೊಡುವುದು ಕೆಲವೇ ಗಂಟೆ, ಎಷ್ಟೋ ಸಲ ಸರಿರಾತ್ರಿಯಲ್ಲಿ. ಅದಕ್ಕೇ ಸ್ವಿಚ್ಚು ಸದಾ ‘ಆಟೋ’ದಲ್ಲಿ. ಕರೆಂಟು ಬಂತೋ, ಯಜಮಾನ ಮಲಗಿದ್ದರೂ ಮೋಟಾರು ಎದ್ದಿತು. ಎಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದು ಕೆಲವು ಸುಡುತ್ತವೆ. ಮೋಟಾರು ಸುಟ್ಟುಕೊಂಡವನು ಇನ್ನೂ ದೊಡ್ಡ ಎಚ್.ಪಿ. ತರುತ್ತಾನೆ, ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಡ್ರಿಪ್ ಹಾಕಿ ಉಳಿಸಿದ ನೀರು ಉಳಿಯುವುದೇ ಇಲ್ಲ, ಪಕ್ಕದ ಎಕರೆಯ ದ್ರಾಕ್ಷಿಗೆ ಹೋಗುತ್ತದೆ. ಆಳು ಸಿಗದವನು ನೀಲಗಿರಿ ನೆಟ್ಟು ಕೈತೊಳೆದುಕೊಂಡ. ಸರ್ಕಾರ ಹೊಸ ನಾಟಿ ನಿಷೇಧಿಸಿದ್ದು 2017ರಲ್ಲಿ. ಪಕ್ಕದವನ ಬೋರು 900 ಅಡಿ ಎಂದು ಗೊತ್ತಾದರೆ ನನ್ನದು 1,000. ಅಂದರೆ ಸುಮಾರು ಆರು ಗೋಳಗುಮ್ಮಟದಷ್ಟು ಕೆಳಗೆ. ಇಷ್ಟರಲ್ಲಿ ಪೆದ್ದತನ ಎಲ್ಲಿದೆ? ಒಂದೊಂದೂ ಜಾಣ ನಿರ್ಧಾರವೇ.

ಆ ಜಾಣ ನಿರ್ಧಾರಗಳೆಲ್ಲ ಸೇರಿ ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಎಷ್ಟೋ ಕೆಳಗಿಳಿದ ಮೇಲೆ ಬಿದ್ದ ಮಳೆ ಮೊದಲು ಆ ಖಾಲಿಯನ್ನು ತುಂಬಬೇಕು. ಬಂಡೆಯ ಬಿರುಕುಗಳಲ್ಲಿ ನೀರಿಗಿರುವ ಜಾಗ ಬರೀ ಶೇ. 0.5 ಎಂದಿಟ್ಟುಕೊಳ್ಳಿ. 1,000 ಅಡಿ ಖಾಲಿ ಬಂಡೆ ತುಂಬಲು ಒಂದೂವರೆ ಮೀಟರ್ ನೀರು ಬೇಕು. ಕಾಣೆಯಾದ 80 ಮಿಲಿಮೀಟರನ್ನು ಪ್ರತಿವರ್ಷ ಪೂರ್ತಿ ಕೆಳಗಿಳಿಸಿದರೂ 19 ವರ್ಷ. ಅದೂ ಒಂದು ಮೋಟಾರೂ ಓಡದೆ, ನೀಲಗಿರಿಯ ಬೇರು ಹನಿಯನ್ನೂ ಹೀರದೆ ಇದ್ದರೆ.