ಪುಟ್ಟ ಟ್ರಂಪೆಟ್ಟಿನ ಶ್ರುತಿ ತಕರಾರು

ಕೈಯಲ್ಲಿ ಹಿಡಿದರೆ ಮಕ್ಕಳ ಆಟಿಕೆಯೇ ಸರಿ. ಆದರೆ ಪಿಕೊಲೊ ಟ್ರಂಪೆಟ್ ಊದಲು ನಿಂತವನ ಎದೆಬಡಿತ ಅವನಿಗೇ ಗೊತ್ತು. 1721ರ ಬ್ರಾಂಡೆನ್‌ಬರ್ಗ್ ಕಾನ್ಸರ್ಟೊಗಳ ಪೈಕಿ ಬಾಕ್‌ನ ಎರಡನೆಯದನ್ನು ಇಂದು ಹಲವರು ನುಡಿಸುವುದು ಇದರಲ್ಲೇ. ಬೀಟಲ್ಸ್ ತಂಡದ ‘ಪೆನ್ನಿ ಲೇನ್’ ಹಾಡಿಗೆ 1967ರಲ್ಲಿ ಡೇವಿಡ್ ಮೇಸನ್ ಊದಿದ್ದೂ ಇದನ್ನೇ. ಇದರ ದನಿ ಇಡೀ ವಾದ್ಯವೃಂದದ ಮೇಲೆ ತೇಲುತ್ತದೆ. ಶ್ರುತಿ ತಪ್ಪಿದರೆ ಅಡಗಲು ಜಾಗವಿಲ್ಲ.

ತಪ್ಪುವುದಾದರೂ ಏಕೆ? ಸಾಮಾನ್ಯ ಬಿ-ಫ್ಲ್ಯಾಟ್ ಟ್ರಂಪೆಟ್ಟಿನ ಸುರುಳಿ ಬಿಡಿಸಿದರೆ ಕೊಳವೆಯ ಉದ್ದ ಸುಮಾರು 140 ಸೆಂ.ಮೀ. ಪಿಕೊಲೊದ್ದು ಅದರ ಅರ್ಧ. ಹಾಗಾಗಿ ಉದ್ದದಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಶ್ರುತಿ ಎರಡರಷ್ಟು ಜರುಗುತ್ತದೆ.

ಇನ್ನು ವಾಲ್ವ್‌ಗಳ ಲೆಕ್ಕ. ಒಂದನೆಯದನ್ನು ಒತ್ತಿದರೆ ಉದ್ದ ಶೇ 12ರಷ್ಟು, ಮೂರನೆಯದಕ್ಕೆ ಶೇ 19ರಷ್ಟು ಬೆಳೆಯುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಶೇ 31. ಆದರೆ ಆ ಸ್ವರಕ್ಕೆ ಬೇಕಾದದ್ದು ಶೇ 33ಕ್ಕೂ ಹೆಚ್ಚು! ಪಿಕೊಲೊದಲ್ಲಿ ಒಂದೂವರೆ ಸೆಂ.ಮೀ.ಗೂ ಮಿಕ್ಕಿ ಕೊರತೆ, ಸ್ವರ ಏರಿಬಿಡುತ್ತದೆ. ಈ ಕೊರತೆ ನೀಗಿಸುವುದು ನಾಲ್ಕನೆಯ ವಾಲ್ವ್. ಅದೊಂದನ್ನೇ ಒತ್ತಿದರೆ ಬೇಕಾದ ಉದ್ದ ಸಿಗುತ್ತದೆ. ಅದನ್ನು ಕೇವಲ ಕೆಳಸ್ವರಗಳ ಅಲಂಕಾರವೆಂದು ಬಗೆದು ಮುಟ್ಟದವರೂ ಇದ್ದಾರೆ, ಪಾಪ.

ಬಹುಪಾಲು ಪಿಕೊಲೊಗಳಿಗೆ ಬಾಯಿಯ ಕಡೆ ಜೋಡಿಸಲು ಎರಡು ಕೊಳವೆಗಳಿರುತ್ತವೆ: ಬಿ-ಫ್ಲ್ಯಾಟ್‌ಗೊಂದು, ಎ ಶ್ರುತಿಗೊಂದು. ಉದ್ದದ್ದನ್ನು ಹಾಕಿದೊಡನೆ ವಾದ್ಯ ಶೇ 6ರಷ್ಟು ಬೆಳೆಯಿತಲ್ಲ, ವಾಲ್ವ್‌ಗಳ ಸ್ಲೈಡುಗಳನ್ನೂ ಅದೇ ಪ್ರಮಾಣದಲ್ಲಿ ಹೊರಗೆಳೆಯಬೇಕು. ಮರೆಯುವುದು ಇಲ್ಲೇ. ವಾದ್ಯ ಸರಿಯಿಲ್ಲವೆಂದು ಬೈಯುವುದೂ ಆಗಲೇ.

ಶಾಖದ ಪಾತ್ರವೂ ಸಣ್ಣದಲ್ಲ. ಒಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಅರ್ಧ ಸ್ವರದ ನೂರರಲ್ಲಿ ಮೂರು ಪಾಲು ಏರುತ್ತದೆ. ತಣ್ಣಗಿರುವಾಗ ಶ್ರುತಿ ಹೊಂದಿಸಿ ವೇದಿಕೆ ಹತ್ತಿದವನ ಗತಿ ಕೇಳಬೇಡಿ.

ಉಳಿದದ್ದು ತುಟಿಯ ಸಂಗತಿ. ಮೇಲಿನ ಸ್ವರಕ್ಕೆ ಹೆದರಿ ತುಟಿ ಬಿಗಿದರೆ ಸ್ವರ ಇನ್ನೂ ಮೇಲೇರುತ್ತದೆ, ದನಿ ಕೀರಲಾಗುತ್ತದೆ. ಸಾಲನ್ನು ಮೊದಲು ಬಾಯಲ್ಲಿ ಹಾಡಿ, ದೊಡ್ಡ ಟ್ರಂಪೆಟ್ಟಿನಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಸಿ, ಆಮೇಲೆ ಪಿಕೊಲೊ ಎತ್ತಿಕೊಳ್ಳುವುದು ಒಳ್ಳೆಯ ಅಭ್ಯಾಸ. ಶ್ರುತಿ ತೋರಿಸುವ ಯಂತ್ರದ ಮುಳ್ಳನ್ನೇ ನಂಬಿ ಕೂತರೂ ಆಗದು: ಜೊತೆಗಾರರ ಸ್ವರಗಳೊಡನೆ ಅಂತರ ಗಾಂಧಾರವಾಗಿ ಕೂಡಬೇಕಾದ ಸ್ವರವನ್ನು, ಮುಳ್ಳು ಹೇಳುವುದಕ್ಕಿಂತ ತುಸು ತಗ್ಗಿಸಿದಾಗಲೇ ಕಿವಿಗೆ ಹಿತ.